ಹರಳೆಣ್ಣೆ ಹಚ್ಚಿದ ಕಬ್ಬಿಣ

ನಮ್ಮ ಮನೆಯವರೇ,

ಕಾಟ್ಟಿಕುಳಂನ ಮರದ ಮಿಲ್ಲಿಗೆ ನಿಮಗೆ ಬುತ್ತಿ ತಂದ ಆ ಮಧ್ಯಾಹ್ನ ನೆನಪಿದೆಯೇ? ತಿರುವಾಂಕೂರು ಕಡೆಯ ಜನ ಬಂದಿಳಿಯುತ್ತಲೇ ಇದ್ದರು, ಕಾಡು ಕಡಿದಷ್ಟೂ ಗರಗಸಕ್ಕೆ ಬಿಡುವಿರಲಿಲ್ಲ. ಮೈಸೂರಿನಲ್ಲಿ ಕೆಲಸ ಕಲಿತು ಬಂದ ನೀವು ಕಬ್ಬಿಣದೊಳಗಿನ ಬಿರುಕು ಹುಡುಕುವ ಆ ಹೆಣಭಾರದ ಪೆಟ್ಟಿಗೆಯ ಮುಂದೆ ಕೂತು, ನಾನು ತಲೆಗೆ ಹಚ್ಚುವ ಹರಳೆಣ್ಣೆಯನ್ನು ಗರಗಸ ತಿರುಗಿಸುವ ಕಬ್ಬಿಣದ ದಂಡಕ್ಕೆ ಸುರಿಯುತ್ತಿದ್ದಿರಿ! ನನಗೆ ಮೈಯೆಲ್ಲ ಉರಿದುಹೋಯಿತು.

"ಬೈಬೇಡ ಕಣೇ, ಇಲ್ಲಿ ನೋಡು," ಅಂದಿರಿ. ಪೆಟ್ಟಿಗೆಯ ಗಾಜಿನ ಮೇಲೆ ಹಸಿರು ಗೆರೆಗಳು ಹುಲ್ಲಿನ ಹಾಗೆ ಅಲ್ಲಾಡುತ್ತಿದ್ದವು. "ಇದು ಬರೀ ಗದ್ದಲ. ನಡುವೆ ಗಾಳಿ ಸಿಕ್ಕಿದ್ರೆ ಪೆಟ್ಟಿಗೆ ಕಳಿಸೋ ಶಬ್ದ ಕಬ್ಬಿಣದೊಳಗೆ ಹೋಗೋದೇ ಇಲ್ಲ." ತುಕ್ಕು ಕೆರೆದು, ಎಣ್ಣೆ ಬಳಿದು, ಪೆಟ್ಟಿಗೆಯ ತಂತಿಯ ತುದಿಯಲ್ಲಿದ್ದ ಬಿಲ್ಲೆಯಂಥದ್ದನ್ನು ಒತ್ತಿ ಹಿಡಿದಿರಿ. ಹುಲ್ಲು ಅಡಗಿತು, ಕೊನೆಯಲ್ಲಿ ಒಂದೇ ಗೆರೆ ನೆಟ್ಟಗೆ ನಿಂತಿತು. "ಅದು ಆಚೆ ತುದಿ ಮುಟ್ಟಿ ತಿರುಗಿ ಬಂದ ಶಬ್ದ. ಬಿರುಕಿದ್ರೆ ಅದಕ್ಕೂ ಮುಂಚೆ ಇನ್ನೊಂದು ಗೆರೆ ಏಳುತ್ತೆ. ಕೊನೇದೇ ಕಾಣದಿದ್ರೆ ದಂಡ ಚೆನ್ನಾಗಿದೆ ಅಂತಲ್ಲ, ನಮಗೆ ಕೇಳಿಸ್ತಿಲ್ಲ ಅಂತ." ಪಕ್ಕದವರು ಹುಲ್ಲು ಬೇಯಿಸಿ ತೆಗೆದ ಪುಲ್‌ತೈಲವನ್ನೂ ಬಳಿದು ನೋಡಿದ್ದಿರಂತೆ, ಅದು ಆರಿಹೋಗಿ ಮತ್ತೆ ಮೊದಲಿಂದ ಶುರು. ಅಷ್ಟರಲ್ಲಿ ಊಟ ತಣ್ಣಗಾಗಿತ್ತು.

ಆಮೇಲೆ ದಂಡ ಮುರಿದು, ಗರಗಸದ ಕೆಲಸದಲ್ಲಿದ್ದ ವರ್ಕಿ ಸತ್ತ ದಿನ… ಹೇಗೆ ಬರೆಯಲಿ? ಅವನ ಹೆಂಡತಿ ಏಲಿಯಮ್ಮ ನಮ್ಮ ಅಂಗಳದಲ್ಲಿ ನಿಮ್ಮೆದುರು ನಿಂತು ಎದೆ ಬಡಿದುಕೊಂಡಳು. "ನಿನ್ನ ಮೆಷಿನ್ ಎಂತ ಕಂಡದ್ದು? ನನ್ನ ಮಕ್ಕಳಿಗೆ ಇನಿ ಮುಂದಕ್ಕೆ ಯಾರುಂಟು? ನಿನ್ನ ಗಂಟಲಲ್ಲಿ ಅನ್ನ ಇಳೀದೆ ಹೋಗ್ಲಿ!"

ನಿಮಗೆ ಅನ್ನ ಇಳಿಯಲೇ ಇಲ್ಲವಲ್ಲ. "ಕೊನೇ ಗೆರೆ ನಿಂತಿತ್ತಲ್ವಾ ಗೌರಿ? ಇಲ್ಲಾ ಎಣ್ಣೆ ಸೋರಿಹೋಗಿತ್ತಾ?" ಎಂದು ತಟ್ಟೆಯ ಮುಂದೆ ಕೂತು ನನ್ನನ್ನೇ ಕೇಳುತ್ತಿದ್ದಿರಿ. ನಿಂತಿತ್ತು ರೀ, ನನ್ನ ಕಣ್ಣಾರೆ ಕಂಡಿದ್ದೆ ಎಂದರೂ ನಂಬಲಿಲ್ಲ. ಮುರಿದ ತುಂಡನ್ನಾದರೂ ನೋಡೋಣವೆಂದು ಹೋದರೆ ಮಿಲ್ಲಿನ ಧಣಿ ಗೇಟಿನೊಳಗೇ ಬಿಡಲಿಲ್ಲ. ಕೊರಗಿ ಕೊರಗಿ ಪ್ರಾಣವನ್ನೇ ಬಿಟ್ಟಿರಿ. ನನ್ನ ಮಾತಿಗಿಂತ ಅವಳ ಮಾತೇ ಹೆಚ್ಚಾಯಿತೇ ನಿಮಗೆ?

ಮೊನ್ನೆ ಮಿಲ್ಲಿನ ಫಿಟ್ಟರ್ ಕುಂಞಪ್ಪ ಕೆಲಸ ಬಿಟ್ಟವನು ತೋಲ್ಪೆಟ್ಟಿ ಊರಿನ ನಮ್ಮ ಮನೆ ಹುಡುಕಿಕೊಂಡು ಬಂದ. "ಚೇಚೀ, ಅಕ್ಕಾ, ಒಂದು ಕಾರ್ಯ ಹೇಳಬೇಕು," ಎಂದು ತಲೆ ತಗ್ಗಿಸಿದ. ನೀವು ನೋಡಿ ಗಟ್ಟಿಯಾಗಿದೆ ಎಂದ ದಂಡವನ್ನು ಧಣಿ ಮಾನಂತವಾಡಿಯ ತನ್ನ ಇನ್ನೊಂದು ಮಿಲ್ಲಿಗೆ ಸಾಗಿಸಿ, ಅಲ್ಲಿನ ಹಳೆಯದನ್ನು ಇಲ್ಲಿ ಹಾಕಿಸಿದ್ದನಂತೆ. ಬದಲಿಸಿದ್ದು ಈ ಕುಂಞಪ್ಪನೇ. ಮುರಿದದ್ದು ಆ ಹಳೆಯದು. ನಿಮ್ಮದು ಇವತ್ತಿಗೂ ಅಲ್ಲಿ ತಿರುಗುತ್ತಿದೆ.

ಏಲಿಯಮ್ಮನಿಗೆ ಹೋಗಿ ಹೇಳಿದೆ. ಮರಗೆಣಸು ಸುಲಿಯುತ್ತಿದ್ದವಳ ಕೈ ನಿಂತುಹೋಯಿತು.

"ಅಪ್ಪೋಳ್, ಹಾಗಾದ್ರೆ, ನಾನು ಅಂದು ಶಾಪ ಹಾಕಿದ್ದು ಯಾರಿಗೆ, ಗೌರಿಚೇಚೀ?"

"ನನ್ನ ಗಂಡನಿಗೆ," ಅಂದೆ. ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಅತ್ತು ಏನು ಬಂತು?

ಧಣಿಯ ಮುಖದೆದುರೂ ಅಂದುಬಂದೆ. ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವಳಿಗೂ, ಕೇಳದಿದ್ದರೂ ಹೇಳಿದೆ. ನಿಮ್ಮ ತಪ್ಪಿರಲಿಲ್ಲ ರೀ. ನಿಮ್ಮೊಬ್ಬರನ್ನು ಬಿಟ್ಟು ಎಲ್ಲರಿಗೂ ಹೇಳಿಯಾಯಿತು.