ನೆನೆಹಾಕಿದ ಅವರೆಕಾಳು

ಹೊಸಹಳ್ಳಿ, ಬೆಂಗಳೂರು
೧೧ ಜನವರಿ ೨೦೨೬, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಳಿಯಂದಿರಾದ ಯೋಗಾನಂದ ಅವರಿಗೆ,

ನಿಮ್ಮ ಮಾವ ಕೃಷ್ಣಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ಶುಕ್ರವಾರ ಅನು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ಸೂಟ್‌ಕೇಸನ್ನೂ ಎಳೆದುಕೊಂಡು ಬಂದ ಮೇಲೆ ನಮ್ಮ ಕ್ಷೇಮಸಮಾಚಾರ ಇನ್ನೂ ಪರಿಶೀಲನೆಯಲ್ಲಿದೆ. ನೀವೋ ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಅಷ್ಟುದ್ದ ಬರೆದರೆ ಒಂದು ಹೆಬ್ಬೆಟ್ಟು ಕಳಿಸುತ್ತೀರಿ. ನಮ್ಮ ಕಾಲದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು ಓದು ಬಾರದವರು; ನೀವು ಎಂ.ಟೆಕ್. ಮಾಡಿದವರು. ಆದ್ದರಿಂದ ಈ ಕಾಗದ. ಪಕ್ಕದ ಮನೆಯ ನಂಜುಂಡಪ್ಪನವರು ನಿಮ್ಮ ಕೆಂಗೇರಿಯಲ್ಲೇ ಇರುವ ಮಗಳ ಮನೆಗೆ ಹೊರಟಿದ್ದಾರೆ. ಅವರ ಕೈಗೇ ಕೊಡುತ್ತಿದ್ದೇನೆ.

ಜಗಳದ ಮೂಲವನ್ನು ಅನು ಹೇಳಿದಳು. ಧಾತ್ರಿಯ ಶಾಲೆಗೆ ಸೌರಮಂಡಲ ಮಾಡಿಕೊಡಬೇಕಿತ್ತಂತೆ. ಇಬ್ಬರೂ ಆಫೀಸಿನಿಂದ ಸುಸ್ತಾಗಿ ಬಂದಿದ್ದಿರಂತೆ. ಥರ್ಮೋಕೋಲ್ ತರುವುದು ಯಾರ ಕೆಲಸ ಎಂಬಲ್ಲಿ ಶುರುವಾದದ್ದು ನಿಮ್ಮ ಮದುವೆಯ ಛತ್ರದ ಊಟದವರೆಗೆ ಹೋಯಿತಂತೆ. ಛತ್ರ ಗೊತ್ತುಮಾಡಿದವನು ನಾನಾದ್ದರಿಂದ ಆ ಭಾಗದ ಬಗ್ಗೆ ತೀರ್ಪು ಕೊಡಲಾರೆ. ಯಾರದು ತಪ್ಪೆಂದೂ ಕೇಳಲಾರೆ. ಕೇಳಬೇಕಾದ್ದನ್ನು ನಿಮ್ಮ ಮಗಳೇ ಕೇಳಿದಳು. ನಿನ್ನೆ ನನ್ನ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದವಳು, “ತಾತ, ನಾನು ಸ್ಕೂಲ್‌ಗೇ ಹೋಗ್ದೇ ಇದ್ರೆ ಅಪ್ಪ ಅಮ್ಮ ಜಗಳ ಆಡಲ್ವಾ?” ಅಂದಳು. ನನ್ನ ಪಾಲಿನ ಬಿಸ್ಕತ್ತನ್ನೂ ಅವಳಿಗೇ ಕೊಟ್ಟೆ.

ಅನು ಧಾತ್ರಿಯಷ್ಟೇ ಇದ್ದಾಗಿನ ಒಂದು ಚಳಿಗಾಲ. ರಾಜಾಜಿನಗರದ ನಮ್ಮ ಫ್ಯಾಕ್ಟರಿಗೆ ಬೀಗ ಬಿದ್ದಿತ್ತು. ಬೆಳಿಗ್ಗೆ ಸೈಕಲ್ ಹತ್ತಿ ಹೋಗಿ ಗೇಟಿನ ಮುಂದೆ ಕೂತು, ಸಂಜೆ ವಾಪಸು ಬರುತ್ತಿದ್ದೆ. ಮಾಲೀಕರನ್ನು ಬೈಯುವ ಧೈರ್ಯವಿಲ್ಲದ್ದರಿಂದ ಮನೆಗೆ ಬಂದು ಸಾರಿನ ಉಪ್ಪನ್ನು ಬೈಯುತ್ತಿದ್ದೆ. ನಿಮ್ಮ ಅತ್ತೆಯವರು ಎದುರು ಮಾತಾಡುತ್ತಿರಲಿಲ್ಲ. ನೆನೆದ ಅವರೆಕಾಳಿನ ಬೋಸಿ ಹೇಗೋ ಆ ಹೊತ್ತಿಗೆ ಸರಿಯಾಗಿ ಸಿದ್ಧವಾಗಿರುತ್ತಿತ್ತು. ಅದನ್ನು ತಂದು ನಮ್ಮಿಬ್ಬರ ನಡುವೆ ಇಟ್ಟು ಹಿದುಕಲು ಕೂರುತ್ತಿದ್ದರು.

ಕಾಳು ಹಿದುಕುವುದು ನೋಡಲು ಸುಲಭ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರುತ್ತದೆ. ಪಾತ್ರೆಗೇ ಹಾರಬೇಕೆಂಬ ಕಾನೂನೇನೂ ಇಲ್ಲ. ನಾನು ಆಡಳಿತ ಮಂಡಳಿಯ ಅನ್ಯಾಯವನ್ನು ವಿವರಿಸುತ್ತಿದ್ದಾಗ ಒಂದು ಬೇಳೆ ಬಂದು ನನ್ನ ಕನ್ನಡಕಕ್ಕೆ ಬಡಿಯಿತು. ಹೊಡೆದವರು ತಗ್ಗಿಸಿದ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನದೊಂದು ಅವರ ಮೂಗುಬೊಟ್ಟಿಗೆ ತಗುಲಿತು. ತಪ್ಪಿಸಿಕೊಂಡ ಬೇಳೆಗಳನ್ನು ಅನು ಮಂಚದ ಕೆಳಗಿನಿಂದ ಹೆಕ್ಕಿ ತಂದು, ಯಾರದು ದೂರ ಹಾರಿತೆಂದು ಸಾರುತ್ತಿದ್ದಳು. ಬೋಸಿ ಖಾಲಿಯಾಗುವಷ್ಟರಲ್ಲಿ ನನ್ನ ಸಿಟ್ಟೂ ಅದರ ಸಿಪ್ಪೆ ಬಿಟ್ಟಿರುತ್ತಿತ್ತು. ಒಳಗೆ ಇದ್ದದ್ದು ಬರೀ ಹೆದರಿಕೆ. ಅದನ್ನು ಮೆಲ್ಲಗೆ ಹೇಳಿಕೊಂಡರೆ ನಿಮ್ಮ ಅತ್ತೆಯವರು, “ನೋಡೋಣ ಬಿಡ್ರೀ, ನಾನಿಲ್ವಾ?” ಅನ್ನುತ್ತಿದ್ದರು. ಅಷ್ಟೇ ಮಾತು. ಅನುವಿಗೆ ಆ ಚಳಿಗಾಲವೆಂದರೆ ಇಂದಿಗೂ ಬೇಳೆ ಹಾರಿಸುವ ಆಟ. ಬೀಗದ ಸಂಗತಿ ಗೊತ್ತಾದದ್ದು ಕಾಲೇಜಿಗೆ ಸೇರಿದ ಮೇಲೆ.

ಈ ವೈದ್ಯವನ್ನು ನಾನೂ ಒಮ್ಮೆ ಮಾಡಿದ್ದುಂಟು. ಅನುವಿಗೆ ಟೈಫಾಯ್ಡ್ ಬಂದಾಗ ನಿಮ್ಮ ಅತ್ತೆಯವರು ನಿದ್ದೆಗೆಟ್ಟು ಕಂಗಾಲಾಗಿ ನನ್ನ ಮೇಲೆ ಕೂಗಾಡಿದರು. ನಾನು ವಿಜಯನಗರದ ಮಾರ್ಕೆಟ್ಟಿಗೆ ಓಡಿ ಒಂದು ಚೀಲ ಅವರೆಕಾಯಿ ತಂದು, ಅವರೆದುರು ಕೂತು ಬಾಯಿ ಮುಚ್ಚಿಕೊಂಡು ಸುಲಿಯತೊಡಗಿದೆ. ಕಾಳನ್ನು ಕಸಕ್ಕೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದೇನೆಂದು ತಿಳಿದದ್ದು ಅವರು ನಕ್ಕಾಗ. ನಗುತ್ತಾ ನಗುತ್ತಾ ಅತ್ತರು. ನಾನು ಸುಲಿಯುತ್ತಲೇ ಇದ್ದೆ.

ಆದ್ದರಿಂದ ಮೆಟ್ರೋ ಹತ್ತಿ ಸಂಜೆಯೊಳಗೆ ಬನ್ನಿ. ದಾರಿಯಲ್ಲಿ ಭಾಷಣ ತಯಾರಿಸಬೇಡಿ. ಕೈ ತೊಳೆದುಕೊಂಡು ಅನುವಿನ ಎದುರು ಕಾಳು ಹಿದುಕಲು ಕೂತರೆ ಸಾಕು. ಧಾತ್ರಿಯನ್ನು ನಡುವೆ ಕೂರಿಸಿಕೊಳ್ಳಿ. ಅವಳ ಪ್ರಶ್ನೆಗೆ ಉತ್ತರ ಅವಳ ಕಣ್ಣೆದುರೇ ಸಿಗಲಿ. ಕನ್ನಡಕ ಹಾಕಿಕೊಂಡು ಬರುವುದು ಕ್ಷೇಮ.

ಇಂತಿ,
ಬೇಳೆಯ ಏಟು ತಿಂದು ಪಳಗಿದ ನಿಮ್ಮ ಮಾವ,
ಕೃಷ್ಣಪ್ಪ

ತಾ.ಕ.: ಬರೆಯುತ್ತಿರುವಾಗ ಒಂದು ಅನುಮಾನ ಬಂತು. ಅವರೆಕಾಳು ನೆನೆಯಲು ಬೆಳಿಗ್ಗೆಯಿಂದ ಸಂಜೆ ಬೇಕು. ನನ್ನ ಸಿಟ್ಟು ಹೊರಬೀಳುತ್ತಿದ್ದದ್ದು ಸಂಜೆ ಮನೆಗೆ ಬಂದ ಮೇಲೆ. ಹಾಗಾದರೆ ಬೋಸಿ ಮೊದಲೇ ಹೇಗೆ ಸಿದ್ಧವಿರುತ್ತಿತ್ತು? ಇಷ್ಟು ವರ್ಷದಲ್ಲಿ ಇವತ್ತು ಮೊದಲ ಸಲ ಕೇಳಿದೆ. “ಬೆಳಿಗ್ಗೆ ನೀವು ಸೈಕಲ್ ಸ್ಟ್ಯಾಂಡ್ ಒದೆಯೋ ಸದ್ದಲ್ಲೇ ಗೊತ್ತಾಗ್ತಿತ್ತು ಕಣ್ರೀ. ನೀವು ಆ ಕಡೆ ಹೋಗ್ತಿದ್ದ ಹಾಗೇ ನೆನೆಹಾಕ್ತಿದ್ದೆ” ಅಂದರು ನಿಮ್ಮ ಅತ್ತೆಯವರು.

ಈಗಲೂ ಅಡುಗೆಮನೆಯಲ್ಲಿ ಬೋಸಿ ತುಂಬ ಕಾಳು ನೆನೆಯುತ್ತಿದೆ. ವಿಚಾರಿಸಿದರೆ, ಹಾಕಿದವರು ತಾವಲ್ಲವಂತೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅನು ಹಾಕಿದ್ದಾಳೆ. ಯಾರಿಗೆ ಎಂದು ನಾವಿಬ್ಬರೂ ಕೇಳಲಿಲ್ಲ.