ಜೇಬಿಗಿಳಿದ ಹಿತ್ತಾಳೆ ಚಿಪ್ಪು

ಸೊಸೆ ಶೈಲಜೆಗೆ ಆಶೀರ್ವಾದಗಳು.

ನಿನ್ನೆ ಮೊಮ್ಮಗ ಕೊಟ್ಟೂರೇಶನ ಕಮಾಂಡೋ ಶಿಬಿರದಲ್ಲಿ ಕುಟುಂಬದವರಿಗೆಂದು ಗುಂಡು ಹಾರಿಸುವ ಪ್ರದರ್ಶನವಿತ್ತು. ಸಾಮಾನ್ಯ ಸೈನಿಕನು ವರ್ಷವಿಡೀ ಹಾರಿಸುವಷ್ಟನ್ನು ಇವರು ವಾರದಲ್ಲಿ ಹಾರಿಸುತ್ತಾರಂತೆ. ಬಳಿಕ ನಮ್ಮೂರು ಕೊಕ್ಕನೂರಿನ ಕಣದಲ್ಲಿ ಭತ್ತ ಗುಡಿಸುವಂತೆ ಗುಂಡುಗಳ ಖಾಲಿ ಹಿತ್ತಾಳೆ ಚಿಪ್ಪುಗಳನ್ನು ಗುಡಿಸಿ ಎಣಿಸಿದರು. ಒಂದು ಕಡಿಮೆಯಾಯಿತು. ಅದು ಸಿಗುವವರೆಗೆ ಯಾರಿಗೂ ಊಟವಿಲ್ಲ. ಎಲ್ಲರೂ ಮಂಡಿಯೂರಿ ಹುಲ್ಲಿನಲ್ಲಿ ಹುಡುಕುತ್ತಿರಲು ನಿನ್ನ ಮಗನು ಬಳಿಗೆ ಬಂದು, “ತಾತಾ, ಎಲ್ರಿಗೂ ಹಸಿವಾಗೈತೆ. ನಿಮ್ಮ ಜೇಬು ಒಂಚೂರು ನೋಡ್ಕೊಳ್ರಿ” ಎಂದನು.

ನಿನಗೆ ತೋರಿಸಲೆಂದು ಎತ್ತಿಟ್ಟುಕೊಂಡಿದ್ದೆನು. ಅಧಿಕಾರಿಗೆ ನಾನೇ ಒಪ್ಪಿಸಿ ಕ್ಷಮೆ ಕೇಳಿದೆನು. ಆದರೂ ಶಿಕ್ಷೆಯೆಂದು ಇವನು ಮೈದಾನವನ್ನು ಹತ್ತು ಸುತ್ತು ಓಡಿದನು. ನಾನು ನಿಂತು ಎಣಿಸಿದೆನು.

ಬಂದೂಕಿನ ಒದೆತಕ್ಕೆ ಅವನ ಬಲಭುಜ ಕಂದಿದೆ, ಎಣ್ಣೆ ಹಚ್ಚಿದ್ದೇನೆ. ಗುರುವಾರ ಹರಿಹರದಲ್ಲಿ ಬರಿಗೈಯಲ್ಲಿ ಇಳಿಯುತ್ತೇನೆ.

ಮಾವ ಪಂಚಾಕ್ಷರಪ್ಪ