ಹೆಸರು ಕೆತ್ತಿದ ಕಲ್ಲಿನ ಮುಂದೆ

ಲಿಮೂಸಾಂ ಸೀಮೆ, ಫ್ರಾನ್ಸ್, ನವೆಂಬರ್ ೧೯೩೯

ಪ್ರೀತಿಯ ಅಣ್ಣ,

ಯುದ್ಧ ಶುರುವಾಗಿ, ಜರ್ಮನಿಗೆ ತಾಗಿದ ಅಲ್ಸಾಸ್ ಗಡಿಯ ನಮ್ಮೂರನ್ನೆಲ್ಲ ಖಾಲಿ ಮಾಡಿಸಿದ ಮೇಲೆ, ಮನೆಗೆಂದು ಬರೆಯಲು ಅಲ್ಲಿ ಕಾವಲಿರುವ ಸಿಪಾಯಿ ನೀನೊಬ್ಬನೇ ಉಳಿದೆ. ಇಲ್ಲಿ ದ್ರಾಕ್ಷಿತೋಟವಿಲ್ಲ, ಬರೀ ಕಲ್ಲುಗುಡ್ಡ, ಚೆಸ್ಟ್‌ನಟ್ ಮರ. ನಮ್ಮ ಮಾತು ಜರ್ಮನ್‌ನಂತೆ ಕೇಳುವುದರಿಂದ, ಹೌದೆನ್ನಲು ನಾವು 'ಯಾ' ಎನ್ನುವುದರಿಂದ, "ಯಾ-ಯಾಗಳು ಬಂದ್ರು" ಎಂದು ಮಕ್ಕಳು ಅಣಕಿಸುತ್ತವೆ.

ನಿನ್ನೆ ನಾವಿರುವ ಮನೆಯೊಡತಿ ವಿಕ್ಟೋರಿನ್ ಅಮ್ಮನನ್ನೂ ನನ್ನನ್ನೂ ಚರ್ಚಿನ ಪಕ್ಕ, ಕಳೆದ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲಿನ ಬಳಿ ಕರೆದೊಯ್ದರು. ಇಷ್ಟು ಸಣ್ಣ ಊರಿಗೆ ಅಷ್ಟೊಂದು ಹೆಸರು. ತಮ್ಮ ಗಂಡನ ಹೆಸರಿನ ಮೇಲಿನ ಪಾಚಿ ಕೆರೆಯುತ್ತ ಕೇಳಿದರು: "ನಿಮ್ಮಪ್ಪನೂ ಯುದ್ಧದಲ್ಲೇ ಹೋದ್ರಂತಲ್ಲ, ಎಲ್ಲಿ?"

ಅಮ್ಮನಿಗೆ ಫ್ರೆಂಚ್ ಬಾರದು, ನಾನು ಏನಾದರೂ ಸುಳ್ಳು ಹೇಳಬಹುದಿತ್ತು. ಆದರೆ ಅವರು ಕೇಳಿದ್ದೇನೆಂದು ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಇದ್ದದ್ದನ್ನೇ ಹೇಳು. ಆಗ ನಮ್ಮೂರು ಜರ್ಮನರ ಕೈಲಿತ್ತು. ನಿಮ್ಮಪ್ಪ ಅವರ ಸಿಪಾಯಿ ಉಡುಪಲ್ಲೇ ರಷ್ಯಾ ಕಡೆ ಹೋಗಿ ಸತ್ರು. ಹೋಗ್ತೀಯಾ ಅಂತ ಅವರನ್ನ ಯಾರೂ ಕೇಳಿರ್ಲಿಲ್ಲ."

ಹಾಗೆಯೇ ಹೇಳಿದೆ. ವಿಕ್ಟೋರಿನ್ ಥಟ್ಟನೆ ತಿರುಗಿ ಮನೆಗೆ ನಡೆದರು. ಇನ್ನು ಇಲ್ಲಿರಲು ಬಿಡುವುದಿಲ್ಲವೆಂದು ನಾನು ಬಟ್ಟೆ ಗಂಟು ಕಟ್ಟತೊಡಗಿದೆ. ಅಷ್ಟರಲ್ಲಿ ಅವರು ಬುಟ್ಟಿ ತುಂಬ ಚೆಸ್ಟ್‌ನಟ್ ಕಾಯಿ ತಂದು ಅಮ್ಮನ ಮುಂದಿಟ್ಟು, ಎದುರಿಗೇ ಕುಳಿತರು. "ಸುಲಿಯೋಕೆ ಹೇಳು ನಿಮ್ಮಮ್ಮಂಗೆ. ನಮ್ಮನೆಯವರನ್ನೂ ಯಾರೂ ಕೇಳಿರ್ಲಿಲ್ಲ." ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಬುಟ್ಟಿ ಬರಿದಾಗುವವರೆಗೂ ಸುಲಿದರು.

ಅಮ್ಮನ ಕೆಮ್ಮು ಇಳಿದಿದೆ. ನನಗೇ ಕೂತಲ್ಲಿ ಕೂರಲಾಗುತ್ತಿಲ್ಲ, ನಿನ್ನ ಕಾಗದಕ್ಕಾಗಿ ದಿನವಿಡೀ ರಸ್ತೆ ನೋಡುತ್ತೇನೆ. ಬದುಕಿದ್ದೇನೆ ಎಂದಷ್ಟೇ ಬರೆದರೂ ಸಾಕು. ಅಂಚೆಯವನು ಸೈಕಲ್ ಹತ್ತುತ್ತಿದ್ದಾನೆ, ಇಷ್ಟಕ್ಕೇ ನಿಲ್ಲಿಸಿ ಇದನ್ನು ಅವನ ಕೈಗೆ ಕೊಡುತ್ತೇನೆ.

ನಿನ್ನ ತಂಗಿ
ಸಲೋಮೆ